ಎರಡನೆಯ ವ್ಯಸನ

‘ವ್ಯಸನ’ವೆಂಬ ಶಬ್ದಕ್ಕೆ ಎರಡು ಮುಖಗಳುಂಟು. ಎಸೆಯುವುದೆಂಬ ಅರ್ಥವುಳ್ಳ ‘ಅಸ್’ ಧಾತುವಿಗೆ ‘ವಿ’ ಎಂಬ ಉಪಸರ್ಗವು ಸೇರಿ ಹುಟ್ಟಿದ ಪದವಿದು. ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ಇದಕ್ಕೆ ವಿಪತ್ತು, ಪತನ, ಕಾಮದಿಂದಲೂ ಕೋಪದಿಂದಲೂ ಹುಟ್ಟುವ ದೋಷ ಎಂಬ ಅರ್ಥಗಳನ್ನು ಹೇಳಿರುವನು. ಕನ್ನಡದಲ್ಲಿಯೂ ನಾವು ಈ ಮಾತನ್ನು ಎರಡು ಬಗೆಯಾಗಿ ಬಳಸುತ್ತೇವೆ. ‘ಅವನಿಗೆ ಕುಡಿತದ ವ್ಯಸನವಿದೆ’ ಎಂದರೆ ಬಿಡಲಾರದ ಚಟವೆಂದು ಅರ್ಥ. ‘ನಿಮ್ಮ ತಾಯಿಯವರು ಲಿಂಗೈಕ್ಯರಾದುದನ್ನು ಕೇಳಿ ವ್ಯಸನವಾಯಿತು’ ಎಂದರೆ ದುಃಖವೆಂದು ಅರ್ಥ. ಪಾಠಶಾಲೆಯಲ್ಲಿ ಮಕ್ಕಳಿಗೆ ಈ ಎರಡು ಅರ್ಥಗಳನ್ನೂ ಬರೆಯಿಸಿ ಮುಂದಿನ ಪದಕ್ಕೆ ಹೋಗುವುದು ನನ್ನ ವಾಡಿಕೆಯಾಗಿತ್ತು. ಮೊದಲನೆಯ ವ್ಯಸನವು ತಲೆಬಾಗಿಲಿನಿಂದ ಹೊರಟ ದಿನವೇ ಎರಡನೆಯ ವ್ಯಸನವು ಹಿತ್ತಿಲ ಬಾಗಿಲಿನಿಂದ ಮನೆಯನ್ನು ಹೊಗುವುದೆಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಈ ಶಬ್ದದ ಅರ್ಥ ನನಗೆ ತಿಳಿದುದು.

ಮದ್ಯಪಾನದ ಕೇಡನ್ನು ಕುರಿತು ಉಪನ್ಯಾಸಗಳಿಗೇನೂ ಬರವಿಲ್ಲ. ಕುಡಿಯುವವನಿಗೆ ನಾವೆಲ್ಲರೂ ಬುದ್ಧಿ ಹೇಳುತ್ತೇವೆ. ಆದರೆ ಕುಡಿತವನ್ನು ಬಿಟ್ಟವನಿಗೆ, ಬಿಟ್ಟು ಎಂಟು ದಿನವೋ ಇಪ್ಪತ್ತು ದಿನವೋ ಆಗಿ, ಕಾರಣವಿಲ್ಲದ ಭಯದಿಂದ ನಡುರಾತ್ರಿಯಲ್ಲಿ ಎದ್ದು ಕುಳಿತಿರುವವನಿಗೆ, ಹೇಳುವವರು ವಿರಳ. ಸದ್ಭಕ್ತರಾದ ವಾಚಕರೇ, ಇಂದಿನ ಈ ಲೇಖನವು ಅಂಥವನಿಗಾಗಿ, ಮುಖ್ಯವಾಗಿ ಅವನ ಮನೆಯವರಿಗಾಗಿ.

ನನ್ನದೇ ಒಂದು ತಪ್ಪಿನಿಂದ ಪ್ರಾರಂಭಿಸುವುದು ನ್ಯಾಯ. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಗೃಹಸ್ಥರು, ನಲವತ್ತು ದಾಟಿದವರು, ಮೂರು ಎಕರೆಯಲ್ಲಿ ಆಲೂಗಡ್ಡೆಯನ್ನೂ ಹೊಗೆಸೊಪ್ಪನ್ನೂ ಬೆಳೆಯುವವರು. ಹೆಸರು ಬೇಡ. ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿಟ್ಟು ಹದಮಾಡುವಾಗ ಐದಾರು ಹಗಲು, ಐದಾರು ಇರುಳು ಬೆಂಕಿ ಆರದಂತೆ ಕಾಯಬೇಕಷ್ಟೆ. ಆ ನಿದ್ದೆಗೇಡಿನ ರಾತ್ರಿಗಳಲ್ಲಿ ಕೈಗೆ ಬಂದ ಬಾಟಲಿ ಬೆಳೆ ಮುಗಿದ ಮೇಲೆಯೂ ಕೈಬಿಡಲಿಲ್ಲ. (ಕಾಯುತ್ತಿದ್ದುದೂ ಒಂದು ವ್ಯಸನದ ಬೆಳೆಯನ್ನೇ ಎಂಬುದು ಬೇರೆಯ ಮಾತು.) ಹತ್ತು ವರ್ಷಗಳ ಮೇಲೆ ಒಂದು ಮಹಾಶಿವರಾತ್ರಿಯ ದಿನ ಗುರುಸನ್ನಿಧಿಯಲ್ಲಿ ‘ಇನ್ನು ಮುಟ್ಟುವುದಿಲ್ಲ’ ಎಂದು ಪ್ರತಿಜ್ಞೆಮಾಡಿದರು. ಎಂಟನೆಯ ದಿನ ಪತ್ನಿಯೊಡನೆ ನನ್ನ ಮನೆಗೆ ಬಂದರು. ಕಣ್ಣು ಕೆಂಪಾಗಿತ್ತು. ಜಗುಲಿಯ ಮೇಲೆ ಕುಳಿತವರು ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದರು.

“ಮೇಷ್ಟ್ರೇ, ಕೈ ನಿಲ್ಲೋದಿಲ್ಲ. ಪೂಜೆಗೆ ಕೂತ್ರೆ ಅಂಗೈ ಮೇಲಿನ ಲಿಂಗದೇವರನ್ನ ಎಲ್ಲಿ ಬೀಳಿಸಿಬಿಡ್ತೀನೋ ಅನ್ನೋ ಹೆದರಿಕೆ. ಮೂರು ದಿನದಿಂದ ಕರಡಿಗೆ ಬಿಚ್ಚಿಲ್ಲ. ಏನೂ ಬೇಡ ಅನ್ನಿಸ್ತದೆ. ಮಕ್ಕಳ ಮುಖ ನೋಡಿದ್ರೂ ಬೇಡ ಅನ್ನಿಸ್ತದೆ” ಎಂದರು.

ಆ ತಾಯಿ ತಲೆತಗ್ಗಿಸಿಕೊಂಡೇ “ಕುಡೀತಿದ್ದಾಗ್ಲೇ ಇವ್ರು ವಾಸಿಯಾಗಿದ್ರು ಮೇಷ್ಟ್ರೇ, ಆಗ ನಗ್ತಾನಾದ್ರೂ ಇದ್ರು” ಎಂದರು.

ನಾನು ಪಂಡಿತ. ಭಕ್ತಸ್ಥಲದ ಲಕ್ಷಣವನ್ನು ಹೇಳಿದೆನು. ನಿಷ್ಠೆ ದೃಢವಾಗಿದ್ದರೆ ಕೈ ನಡುಗದೆಂದೆನು. ಮನಸ್ಸಿನಲ್ಲಿ ಇನ್ನೂ ಆಸೆ ಉಳಿದಿರುವುದರಿಂದಲೇ ಈ ಚಂಚಲತೆಯೆಂದೆನು. ಅವರು ಕೈಮುಗಿದು ಎದ್ದು ಹೋದರು. ಆ ರಾತ್ರಿಯೇ ಬ್ರಾಂದಿ ಅಂಗಡಿಗೆ ಹೋದರೆಂದು ಮರುದಿನ ತಿಳಿಯಿತು. ಕುಡಿದ ಮೇಲೆ ಕೈನಡುಕ ನಿಂತಿತಂತೆ. ‘ಮೇಷ್ಟ್ರು ಹೇಳಿದ್ದು ಸರಿ, ನನ್ನಲ್ಲಿ ಭಕ್ತಿ ಇಲ್ಲ’ ಎಂದು ಹೇಳಿಕೊಂಡು ಅತ್ತರಂತೆ.

ನಾನು ಹೇಳಿದುದು ಸರಿಯಾಗಿರಲಿಲ್ಲ. ಆ ನಡುಕವು ಭಕ್ತಿಯ ಕೊರತೆಯಲ್ಲ, ನರಗಳ ಸ್ಥಿತಿ. ವೈದ್ಯರಿಂದ ಕೇಳಿ ತಿಳಿದುದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ನೇಗಿಲಿಗೆ ಕಟ್ಟಿದ ಎತ್ತುಗಳಲ್ಲಿ ಒಂದು ಸದಾ ಎಡಕ್ಕೆ ಎಳೆಯುತ್ತಿದ್ದರೆ ರೈತನು ಮೇಣಿಯನ್ನು ಬಲಕ್ಕೆ ಒತ್ತಿ ಹಿಡಿದೇ ಉಳುವನು. ವರ್ಷಗಟ್ಟಲೆ ಹಾಗೆ ಉತ್ತವನ ಕೈಗೆ ಅದೇ ರೂಢಿಯಾಗುವುದು. ಒಂದು ದಿನ ಆ ಎತ್ತನ್ನು ಬಿಚ್ಚಿ ಸಾಧುವಾದೊಂದನ್ನು ಕಟ್ಟಿದರೆ ಸಾಲು ನೆಟ್ಟಗಾಗದು. ಕೈಯ ರೂಢಿಯಿಂದ ಬಲಕ್ಕೆ ಓಡುವುದು. ಮದ್ಯವು ಮೆದುಳನ್ನು ಮಂದಗೊಳಿಸುವ ವಸ್ತು. ದಿನವೂ ಅದು ಬೀಳುತ್ತಿದ್ದರೆ ಮೆದುಳು ತನ್ನನ್ನು ತಾನು ಕಾಪಾಡಿಕೊಳ್ಳಲು ಎಚ್ಚರವನ್ನೂ ಉದ್ವೇಗವನ್ನೂ ಹೆಚ್ಚಿಸಿಕೊಂಡಿರುವುದು. ಮದ್ಯವನ್ನು ತೆಗೆದೊಡನೆ ಆ ಹೆಚ್ಚುವರಿ ಎಚ್ಚರವು ಎದುರಾಳಿಯಿಲ್ಲದೆ ಉಳಿಯುತ್ತದೆ. ಅದೇ ನಡುಕ, ಬೆವರು, ಎದೆಬಡಿತ, ನಿದ್ರಾಭಂಗ, ಕಾರಣವಿಲ್ಲದ ಭಯ. ಸುಖವನ್ನರಿಯುವ ಶಕ್ತಿಯೂ ಮೊಂಡಾಗಿರುವುದರಿಂದ ಹಸುಗೂಸಿನ ನಗುವೂ ಬಿಸಿ ರೊಟ್ಟಿಯ ರುಚಿಯೂ ಸಪ್ಪೆಯಾಗುವುವು. ಇದು ವ್ರತವು ತಪ್ಪೆಂಬುದಕ್ಕೆ ಸಾಕ್ಷಿಯಲ್ಲ. ದೇಹವು ಹಳೆಯ ಸಾಲವನ್ನು ತೀರಿಸುತ್ತಿರುವ ಲಕ್ಷಣ.

ಇಲ್ಲಿ ಒಂದು ಎಚ್ಚರಿಕೆಯನ್ನು ಖಂಡಿತವಾಗಿ ಹೇಳಬೇಕು. ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವರು, ಮುಖ್ಯವಾಗಿ ಬೆಳಗ್ಗೆ ಎದ್ದೊಡನೆ ಕುಡಿಯುತ್ತಿದ್ದವರು, ವೈದ್ಯರ ಸಹಾಯವಿಲ್ಲದೆ ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯಕರ. ಕೊನೆಯ ಗುಟುಕಿನಿಂದ 6 ಗಂಟೆಯೊಳಗೇ ನಡುಕ ಪ್ರಾರಂಭವಾಗಬಹುದು. ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರಬಹುದು. 48 ರಿಂದ 72 ಗಂಟೆಗಳ ಸುಮಾರಿಗೆ ಕೆಲವರಿಗೆ ಜ್ವರ, ಭ್ರಮೆ, ಇಲ್ಲದ ಪ್ರಾಣಿಗಳನ್ನೂ ಮನುಷ್ಯರನ್ನೂ ಕಾಣುವ ಸನ್ನಿ ಉಂಟಾಗುತ್ತದೆ. ಇದನ್ನು ಗಾಳಿಚೇಷ್ಟೆಯೆಂದು ಭಾವಿಸಿ ತಾಯಿತ ಕಟ್ಟಿಸುತ್ತ ಕಾಲ ಕಳೆದವರನ್ನು ನಾನು ಬಲ್ಲೆ. ಆಸ್ಪತ್ರೆಯಲ್ಲಿ ಇದಕ್ಕೆ ಔಷಧವುಂಟು. ಬಿ-1 ಜೀವಸತ್ವದ ಚುಚ್ಚುಮದ್ದನ್ನೂ ಕೊಡುವರು. ಪ್ರತಿಜ್ಞೆಯನ್ನು ಮಠದಲ್ಲಿ ಮಾಡಲಿ. ಆದರೆ ಅದಕ್ಕೆ ಮೊದಲೇ ವೈದ್ಯರನ್ನು ಕಾಣಲಿ. 2006ರಲ್ಲಿ ಸ್ಥಾಪಿತವಾದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಸರಕಾರಿ ಬೋಧನಾ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲೇ ಇರುವಾಗ ಸಂಕೋಚವೇಕೆ?

ಎಷ್ಟು ಕಾಲ ಈ ಕಷ್ಟ ಎಂದು ಮನೆಯವರು ಕೇಳುವರು. ದೇಹದ ಅಪಾಯವು ಬಹುಮಟ್ಟಿಗೆ ಒಂದು ವಾರದಲ್ಲಿ ಕಳೆಯುತ್ತದೆ. ಮನಸ್ಸಿನ ಕುಗ್ಗು ಎರಡರಿಂದ ನಾಲ್ಕು ವಾರಗಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಹಗುರವಾಗುತ್ತದೆ. ನಿದ್ರೆಯ ತೊಂದರೆ, ಆಗಾಗ ಅಲೆಯಂತೆ ಬಂದು ಹೋಗುವ ಆತಂಕ, ಇವು ಕೆಲವು ತಿಂಗಳು ಇರಬಹುದು. ತಿಂಗಳು ಕಳೆದರೂ ಕುಗ್ಗು ಹಾಗೆಯೇ ಇದ್ದರೆ ಅದು ಪ್ರತ್ಯೇಕವಾದ ಕಾಯಿಲೆಯಿರಬಹುದು, ಅದಕ್ಕೂ ಚಿಕಿತ್ಸೆಯುಂಟು.

ಈ ಕುಗ್ಗು ಕೇವಲ ನಮ್ಮ ಕಾಲದ ಅನುಭವವಲ್ಲ. ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳುವ ಕಥೆಯನ್ನು ನೆನೆಯಿರಿ. (ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುವು ಮಾಯೆಗೆ ಸಿಕ್ಕದ ನಿತ್ಯಮುಕ್ತ, ನಮ್ಮ ಪುರಾಣ ಪ್ರವಚನಗಳಲ್ಲಿ ಆ ಕಥೆಯೇ ಹೆಚ್ಚು ಪ್ರಚಾರದಲ್ಲಿರುವುದು. ಕಷ್ಟದಲ್ಲಿರುವವನಿಗೆ ಮಾತ್ರ ನಾನು ಹರಿಹರನ ಅಲ್ಲಮನನ್ನೇ ಹೇಳುವೆನು.) ಅಲ್ಲಮನು ಕಮಲತೆಯಲ್ಲಿ ಮುಳುಗಿ ಲೋಕವನ್ನೇ ಮರೆತಿದ್ದನು. ಆಕೆ ಜ್ವರದಿಂದ ತೀರಿಕೊಂಡಳು. ಅವನು ಮರುಳನಂತೆ ಅಲೆದನು. ಕೊನೆಗೆ ಒಂದು ತೋಟದಲ್ಲಿ ಸುಮ್ಮನೆ ಕುಳಿತು, ಮಾಡಲು ಏನೂ ತೋಚದೆ, ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದನು. ಆಗ ಮಣ್ಣಿನಲ್ಲಿ ಹೂತಿದ್ದ ಗುಡಿಯ ಹೊನ್ನಕಳಸವು ಕಂಡಿತು. ಅಗೆಯಿಸಿ ಬಾಗಿಲು ತೆರೆದು ಒಳಹೊಕ್ಕರೆ ಅಲ್ಲಿ ಅನಿಮಿಷಯ್ಯನು ಕರದಲ್ಲಿ ಲಿಂಗವನ್ನು ಹಿಡಿದು ಕುಳಿತಿದ್ದನು. ಆ ಲಿಂಗವು ಅಲ್ಲಮನ ಕೈಗೆ ಬಂದಿತು.

ಈ ಪ್ರಸಂಗವನ್ನು ಮೂವತ್ತು ವರ್ಷ ಪಾಠ ಹೇಳಿದ ನಾನು ಆ ಉಗುರಿನ ಮಾತನ್ನು ಗಮನಿಸಿರಲಿಲ್ಲ. ಪ್ರಭುದೇವರಿಗೆ ಆಗ ಧ್ಯಾನವಿರಲಿಲ್ಲ, ಜಪವಿರಲಿಲ್ಲ, ಧೈರ್ಯವೂ ಇರಲಿಲ್ಲ. ಕೈಯಲ್ಲಿದ್ದುದು ಹೋಗಿತ್ತು, ಬರಲಿರುವುದು ಬಂದಿರಲಿಲ್ಲ. ಆ ಎರಡರ ನಡುವೆ ಒಬ್ಬ ಮನುಷ್ಯನು ಸುಮ್ಮನೆ ನೆಲ ಕೆರೆಯುತ್ತಿದ್ದನು, ಅಷ್ಟೆ. ಹರಿಹರನು ಅದಕ್ಕಾಗಿ ಅವನನ್ನು ಬೈಯುವುದಿಲ್ಲ.

ಬರಿಗೈಯ ಮಾತು ಬಂದುದರಿಂದ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳನ್ನು ಸ್ಮರಿಸಬೇಕು. ಜೋಳಿಗೆಯೆಂದರೆ ಕಾಳು ಕಡಿಯ ಭಿಕ್ಷೆಗಾಗಿ ಎಂದು ಲೋಕವು ತಿಳಿದಿದ್ದಾಗ, 1975ರಲ್ಲಿ ಆ ಪೂಜ್ಯರು ಜೋಳಿಗೆ ಹಿಡಿದು ‘ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರಿ’ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಜೋಳಿಗೆಗೆ ಬಾಟಲಿಯನ್ನು ಹಾಕಿದವನ ಕೈ ಬರಿದಾಗುತ್ತದೆ. ಸಂಜೆ ಆರು ಗಂಟೆಗೆ ಆ ಕೈಗೆ ಏನು ಮಾಡಬೇಕೆಂದು ತಿಳಿಯದು. ವೀರಶೈವನಿಗೆ ಈ ಪ್ರಶ್ನೆಗೆ ಉತ್ತರವು ಎಡದ ಅಂಗೈಯಲ್ಲೇ ಇದೆ. ತ್ರಿಕಾಲಪೂಜೆಯಲ್ಲಿ ಸಂಜೆಯ ಪೂಜೆಯನ್ನು ಗೃಹಸ್ಥರು ಸಾಮಾನ್ಯವಾಗಿ ಬಿಟ್ಟುಬಿಡುವರು. ಕುಡಿತವನ್ನು ಬಿಟ್ಟವನಿಗೆ ಮೂರರಲ್ಲಿ ಅದೇ ಮುಖ್ಯ, ಏಕೆಂದರೆ ಅವನ ಗಂಡಾಂತರದ ಮುಹೂರ್ತವೇ ಅದು. ಮನಸ್ಸು ನಿಲ್ಲದಿದ್ದರೂ ಚಿಂತೆಯಿಲ್ಲ. ಮಜ್ಜನ, ಭಸ್ಮ, ಪತ್ರೆ ಎಂದು ಕೈಗೆ ಕೆಲಸವಿದ್ದರೆ ಸಾಕು. ಗಳಿಗೆಯೊಂದು ಕಳೆಯುತ್ತದೆ. ಕುಡಿಯಬೇಕೆಂಬ ಸೆಳೆತವೂ ಹೊಳೆಯ ಅಲೆಯಂತೆ ಏರಿ ಇಳಿಯುವಂಥದು. ಹೆಚ್ಚಿನ ವೇಳೆ ಅರ್ಧ ಗಂಟೆಯ ಮೇಲೆ ಅದೇ ಬಲದಲ್ಲಿ ನಿಲ್ಲದು.

‘ಕುಡಿದ ಬಾಯಿ, ಕುಡಿದ ಕೈ; ಲಿಂಗವನ್ನು ಮುಟ್ಟಲು ನಾನು ಅರ್ಹನೇ?’ ಎಂದು ಕೊರಗುವವರುಂಟು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನವರಿದ್ದರು. ಹೆಂಡ ಮಾರುವುದು ಅವರ ಕಾಯಕ. ಧರ್ಮೇಶ್ವರಲಿಂಗ ಅವರ ಅಂಕಿತ. ತಮ್ಮ ವೃತ್ತಿಯ ಮಾತುಗಳನ್ನೇ ಅನುಭಾವದ ಮಾತುಗಳನ್ನಾಗಿ ತಿರುಗಿಸಿ ವಚನ ನುಡಿದರು. ಅವರನ್ನು ಬಾಗಿಲಲ್ಲಿ ನಿಲ್ಲಿಸದ ಸಮಾಜದ ವಾರಸುದಾರರು ನಾವು. ಬಿಟ್ಟು ಬಂದವನನ್ನು ನಾವು ನಿಲ್ಲಿಸಬಹುದೇ?

ಇನ್ನು ‘ವಿಷಾದ’ವೆಂಬ ಮಾತಿಗೆ ಬರೋಣ. ವೈಯಾಕರಣರ ಚಪಲವೆಂದು ವಾಚಕರು ಕ್ಷಮಿಸಬೇಕು. ವಿಷಾದ, ಅವಸಾದ, ಪ್ರಸಾದ ಈ ಮೂರೂ ‘ಸದ್’ ಎಂಬ ಒಂದೇ ಧಾತುವಿನಿಂದ ಬಂದವು. ಧಾತುಪಾಠವು ಅದಕ್ಕೆ ವಿಶರಣ, ಗತಿ, ಅವಸಾದನ ಎಂಬ ಅರ್ಥಗಳನ್ನು ಹೇಳುತ್ತದೆ. ಕುಸಿದು ಕೂರುವುದು ವಿಷಾದ. ತಿಳಿಯಾಗಿ ಕೂರುವುದು ಪ್ರಸಾದ. ಕೂರುವುದು ಮಾತ್ರ ಎರಡರಲ್ಲಿಯೂ ಒಂದೇ. ಹೊಳೆನರಸೀಪುರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಹೇಮಾವತಿಯ ನೀರು ಕೆಂಪಾಗಿ ಬರುವುದು. ಆ ನೀರನ್ನು ಕೊಡದಲ್ಲಿ ತಂದು ಮೂಲೆಯಲ್ಲಿಟ್ಟರೆ ಬೆಳಗಾಗುವುದರೊಳಗೆ ಮಣ್ಣು ತಳಕ್ಕೆ ಇಳಿದು ಮೇಲಿನದು ತಿಳಿಯಾಗುವುದು. ‘ತಿಳಿಯಾಯಿತೇ?’ ಎಂದು ಗಳಿಗೆಗೊಮ್ಮೆ ಸೌಟು ಹಾಕಿ ನೋಡಿದರೆ ಎಂದಿಗೂ ಆಗದು.

ಮನೆಯವರು ಮಾಡುವ ತಪ್ಪು ಇದೇ. ಗಂಡನು ಹೊರಗಿನಿಂದ ಬಂದೊಡನೆ ಬಾಯಿಯ ವಾಸನೆಯನ್ನು ನೋಡುವುದು. ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮಗನನ್ನು ಬೇಹಿಗೆ ಕಳಿಸುವುದು. ಮುಖ ಸಪ್ಪಗಿದ್ದರೆ ‘ಮತ್ತೆ ಶುರುಮಾಡಿದಿರಾ?’ ಎನ್ನುವುದು. ಹತ್ತು ವರ್ಷ ಪೆಟ್ಟು ತಿಂದ ಹೆಂಗಸಿಗೆ ಅನುಮಾನ ಬೇಡವೆಂದು ಉಪದೇಶಿಸುವ ಹಕ್ಕು ನನಗಿಲ್ಲವೆಂಬುದನ್ನು ಬಲ್ಲೆ. ಆಕೆಯ ನಿದ್ದೆಯೂ ಕೆಟ್ಟಿರುತ್ತದೆ. ಆಕೆಗೂ ಯಾರಾದರೊಬ್ಬರು ಕೇಳುವವರು ಬೇಕು. ಆದರೂ ತಿಂಗಳ ಮಟ್ಟಿಗೆ ಅವನ ಸಪ್ಪೆ ಮುಖವನ್ನು ಕುಡಿತದ ಗುರುತೆಂದು ಓದದಿದ್ದರೆ ಇಬ್ಬರಿಗೂ ಹಿತ.

ಆದರೆ ಎಲ್ಲ ದುಃಖವೂ ನರಗಳದ್ದೇ ಅಲ್ಲ. ಅಮಲು ಇಳಿದ ಮೇಲೆ ಕಣ್ಣಿಗೆ ಬೀಳುವುದು ನಿಜವಾದ ಲೋಕ. ಸೊಸೈಟಿಯ ಸಾಲ, ಅಡವಿಟ್ಟ ಒಡವೆ, ಓದು ನಿಲ್ಲಿಸಿದ ಮಗಳು, ಮಾತು ಬಿಟ್ಟ ತಮ್ಮ. ಇವೆಲ್ಲ ಇದ್ದುವೇ, ಬಾಟಲಿಯು ಮರೆಮಾಡಿತ್ತು. ಇಲ್ಲಿ ಪಶ್ಚಾತ್ತಾಪಕ್ಕೂ ವಿಷಾದಕ್ಕೂ ಇರುವ ಭೇದವನ್ನು ಅರಿಯಬೇಕು. ‘ಇಂಥವರಿಗೆ ಇಷ್ಟು ಕೊಡಬೇಕು’ ಎಂದು ಹೇಳುವುದು ಪಶ್ಚಾತ್ತಾಪ; ‘ಇನ್ನು ಏನೂ ಆಗದು’ ಎಂದು ಹೇಳುವುದು ವಿಷಾದ. ಮೊದಲನೆಯದಕ್ಕೆ ಕಾಯಕವಿದೆ, ಎರಡನೆಯದಕ್ಕಿಲ್ಲ. ಚನ್ನರಾಯಪಟ್ಟಣದ ಕಡೆಯ ಒಬ್ಬ ತೋಟದವರು ಮೊದಲ ತಿಂಗಳು ಬೇರೇನನ್ನೂ ಮಾಡಲಾರದೆ, ಅಂಗಡಿಯವರಿಗೆ ಬಾಕಿಯಿದ್ದ ನೂರೈವತ್ತು ರೂಪಾಯಿಗೆ ಬದಲಾಗಿ ತೆಂಗಿನಕಾಯಿ ಸುಲಿದು ಕೊಟ್ಟು ಬಂದರು. ಲಕ್ಷದ ಸಾಲ ಹಾಗೆಯೇ ಇತ್ತು. ಆದರೂ ಆ ರಾತ್ರಿ ಮೂರು ತಾಸು ನಿದ್ದೆ ಬಂತೆಂದು ಹೇಳಿದರು. ಜಮೀನು ಮಾರುವುದು, ಪಾಲು ಕೇಳುವುದು ಮುಂತಾದ ದೊಡ್ಡ ನಿರ್ಧಾರಗಳನ್ನು ಆ ದಿನಗಳಲ್ಲಿ ಮಾಡಲೇಬಾರದು.

ಸಣ್ಣ ಮಾತುಗಳೂ ಕೆಲವುಂಟು. ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಬರಿಹೊಟ್ಟೆಯ ಸಂಕಟವನ್ನು ಮೈ ಕುಡಿತದ ಸೆಳೆತವೆಂದೇ ತಿಳಿಯುವುದು. ನಮ್ಮದು ಕಾಫಿಯ ಸೀಮೆ. ಕುಡಿತ ಬಿಟ್ಟವರು ದಿನಕ್ಕೆ ಎಂಟು ಲೋಟ ಕಾಫಿ ಕುಡಿದು ಎದೆ ಬಡಿಯುವುದೆಂದು ಗಾಬರಿಯಾಗುವರು. ನಿದ್ದೆಯ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗುವುದು ಮತ್ತೊಂದು ವ್ಯಸನಕ್ಕೆ ಮುನ್ನುಡಿ. ವೈದ್ಯರು ಕೊಟ್ಟಷ್ಟನ್ನು ಕೊಟ್ಟಷ್ಟು ದಿನ ಮಾತ್ರ. ಇನ್ನು ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಾಯಿಂದ ಬಂದರೆ ಅದನ್ನು ಬರಿಯ ಮಾತೆಂದು ಬಿಡಬಾರದು. ಬೆಳೆಗೆ ಹೊಡೆಯುವ ಔಷಧದ ಡಬ್ಬಗಳನ್ನು ಮನೆಯಿಂದ ಹೊರಗೆ ಸಾಗಿಸಿ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ‘ಟೆಲಿ ಮನಸ್’ ಎಂಬ ಸರಕಾರದ ದೂರವಾಣಿ, ಸಂಖ್ಯೆ 14416, ಹಗಲಿರುಳೂ ಇದೆ, ಕನ್ನಡದಲ್ಲೇ ಮಾತನಾಡಬಹುದು.

ಒಂಟಿಯಾಗಿ ಈ ಕಾಲವನ್ನು ದಾಟುವುದು ಕಷ್ಟ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಲ್ಲಿ ಎಂಟು ದಿನಗಳ ಶಿಬಿರಕ್ಕಿಂತ, ಆಮೇಲೆ ಊರಿನಲ್ಲಿ ಬಿಟ್ಟವರೆಲ್ಲ ಕೂಡಿ ನಡೆಸುವ ನವಜೀವನ ಸಮಿತಿಯೇ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಅಮೆರಿಕೆಯ ವೃತ್ತಾಂತವೊಂದು ಇದಕ್ಕೆ ಹೊಂದುತ್ತದೆ. 1935ರ ಮೇ ತಿಂಗಳಲ್ಲಿ ಕುಡಿತ ಬಿಟ್ಟು ಐದು ತಿಂಗಳಾಗಿದ್ದ ಒಬ್ಬ ವ್ಯಾಪಾರಸ್ಥನು ಅಕ್ರಾನ್ ಎಂಬ ಊರಿನಲ್ಲಿ ವ್ಯವಹಾರ ಕೆಟ್ಟು, ಮನಸ್ಸು ಕುಗ್ಗಿ, ಹೋಟೆಲಿನ ಮೊಗಸಾಲೆಯಲ್ಲಿ ಒಬ್ಬನೇ ನಿಂತಿದ್ದನು. ಪಕ್ಕದಲ್ಲೇ ಮದ್ಯದಂಗಡಿ. ಒಳಗೆ ಹೋಗುವ ಬದಲು ಅವನು ದೂರವಾಣಿಯಲ್ಲಿ ಮಾತನಾಡಿ, ತನ್ನಂತೆಯೇ ಕುಡಿತದಿಂದ ಕೆಟ್ಟ ಮತ್ತೊಬ್ಬನನ್ನು ಹುಡುಕಿಸಿದನು. ಸಿಕ್ಕಿದವನು ಒಬ್ಬ ವೈದ್ಯ. ಆ ಇಬ್ಬರ ಮಾತುಕತೆಯಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಕೂಟ ಹುಟ್ಟಿ ಇಂದು ಲೋಕವನ್ನೆಲ್ಲ ವ್ಯಾಪಿಸಿದೆ. ಜನ್ಮಪರ್ಯಂತದ ಮಾತನ್ನು ಅವರು ಆಡುವುದಿಲ್ಲ; ಈ ಹೊತ್ತಿನ ಒಂದು ದಿನ ಕುಡಿಯದಿದ್ದರೆ ಸಾಕೆನ್ನುವರು. ಲಿಂಗಪೂಜೆಯನ್ನೂ ನಾವು ಆಯುಷ್ಯಕ್ಕೆಲ್ಲ ಸೇರಿಸಿ ಒಮ್ಮೆಗೇ ಮಾಡಿ ಮುಗಿಸುವುದಿಲ್ಲವಷ್ಟೆ.

ಅರಕಲಗೂಡಿನ ಆ ಗೃಹಸ್ಥರ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆನು. ಆ ವರ್ಷ ಆಲೂಗಡ್ಡೆಗೆ ಅಂಗಮಾರಿ ಬಿದ್ದು ಬಿತ್ತನೆಯ ಖರ್ಚೂ ಹುಟ್ಟಲಿಲ್ಲ. ದೀಪಾವಳಿಯ ಮುಂಚೆ ಅವರು ತಾವಾಗಿಯೇ ಆಸ್ಪತ್ರೆಗೆ ಹೋಗೋಣವೆಂದರು. ಈ ಸಲ ನಾನು ಉಪದೇಶವನ್ನು ಬಿಟ್ಟು ಜೊತೆಯಲ್ಲಿ ಬಸ್ಸು ಹತ್ತಿದೆನು. ಹತ್ತು ದಿನಗಳ ಮೇಲೆ ಮನೆಗೆ ಬಂದರೂ ಬೆರಳು ಇನ್ನೂ ಸಣ್ಣಗೆ ನಡುಗುತ್ತಿತ್ತು. ಕರಡಿಗೆಯನ್ನು ಬಿಚ್ಚಲು ಮತ್ತೆ ಹಿಂಜರಿದರು. ಆಗ ಅವರ ತಾಯಿ, ಎಪ್ಪತ್ತೈದರ ಮುದುಕಿ, ಅಕ್ಷರ ಬಾರದವರು, ಯಾರನ್ನೂ ಕೇಳದೆ ಮಗನ ಎದುರಿಗೆ ಕುಳಿತು ಅವರ ಅಂಗೈಯ ಕೆಳಗೆ ತಮ್ಮ ಎರಡು ಕೈಗಳನ್ನೂ ಒಡ್ಡಿ “ಮಾಡಪ್ಪ, ಬಿದ್ರೆ ನನ್ನ ಕೈಯಾಗೇ ಬೀಳ್ತದೆ” ಎಂದರು. ಹದಿನೈದು ದಿನ ಹೀಗೆಯೇ ಪೂಜೆ ನಡೆಯಿತು. ಇದಕ್ಕೆ ಶಾಸ್ತ್ರಾಧಾರವನ್ನು ಹುಡುಕಲು ನಾನು ಹೋಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ರಾತ್ರಿ ಐದಾರು ತಾಸು ನಿದ್ದೆ ಬರುತ್ತಿತ್ತು. ನಡುವೆ ಒಂದು ಸಲ ಜಾತ್ರೆಯಲ್ಲಿ ಕಾಲು ಜಾರಿದರೆಂಬುದನ್ನೂ, ಮರುದಿನವೇ ಬಂದು ತಾವಾಗಿ ಹೇಳಿದರೆಂಬುದನ್ನೂ ಮರೆಮಾಚಲಾರೆ.

ಈಗ ಅವರ ಜಗುಲಿಗೆ ಸಂಜೆಯ ಹೊತ್ತು ನಾಲ್ಕಾರು ಜನ ಬರುವರು. ಮೊನ್ನೆ ನಾನಿದ್ದಾಗಲೇ ಒಬ್ಬ ತರುಣನು ಬಂದು ಕಂಬಕ್ಕೆ ಒರಗಿ ನಿಂತನು. ನಾನು ಮಾತನಾಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು, “ಎಷ್ಟನೇ ದಿನ?” ಎಂದರು.

“ಒಂಬತ್ತು, ಅಣ್ಣಾ.”

“ಹಂಗಾದ್ರೆ ರಾತ್ರಿ ನಿದ್ದೆ ಬಂದಿರಲ್ಲ. ಕೂತ್ಕೊ, ಮೊದ್ಲು ಮಜ್ಜಿಗೆ ಕುಡಿ” ಎಂದು ಒಳಗೆ ಹೋದರು.